ಕಾರಿನಲ್ಲಿ ಉಬ್ಬಿದ ಸನ್ನ

ಸನ್ನ ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಅದು ಬರೀ ಶಾಖದ ಲೆಕ್ಕ ಎಂದು ಮ್ಯಾಕ್ಸ್‌ವೆಲ್ ಘೋಷಿಸಿದಾಗ ಅವನ ಬಾಯಲ್ಲಿ ಉಮಾವತಿ ಆಂಟಿ ಮಾಡಿದ ಐದನೆಯ ಸನ್ನ ಇತ್ತು.

ಅದು ಮಸ್ಕತ್ತಿನ ಕನ್ನಡ ಕ್ರೈಸ್ತ ಸಭೆಯವರ ಕಳೆದ ವರ್ಷದ ಪ್ರೀತಿಭೋಜನ. ಮೂವತ್ತು ವರ್ಷಗಳಿಂದ ಆ ಊಟಕ್ಕೆ ಸನ್ನ ಮಾಡುತ್ತಿದ್ದವರು ಉಮಾವತಿ ಆಂಟಿ ಒಬ್ಬರೇ. ಹುಳಿಬಂದ ಅಕ್ಕಿಹಿಟ್ಟನ್ನು ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿದ ಆ ಸನ್ನವನ್ನು ಕೋಳಿ ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಊರು ತಲುಪಿದ ಹಾಗೆ ಆಗುತ್ತಿತ್ತು. ಅಂಥ ಸನ್ನದ ಮುಂದೆ ಕುಳಿತು ಮ್ಯಾಕ್ಸ್‌ವೆಲ್, "ಆಂಟೀ, ರುಚಿ ಉಂಟು. ಆದ್ರೆ ಸ್ವಲ್ಪ ಗಟ್ಟಿ. ಟೆಂಪರೇಚರ್ ಸರಿ ಇಟ್ಟಿದ್ರೆ ಹತ್ತಿಯ ಹಾಗೆ ಬರ್ತಿತ್ತು" ಎಂದುಬಿಟ್ಟ!

ಆಂಟಿ ನಕ್ಕು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು. ಹೆಂಡತಿ ಚಿತ್ರಾ ಮಾತ್ರ ಮೇಜಿನ ಅಡಿಯಲ್ಲಿ ಗಂಡನ ಕಾಲನ್ನು ತುಳಿದಳು. ಅವನು ಕಾಲನ್ನು ಆಚೆ ಸರಿಸಿ ಆರನೆಯದಕ್ಕೆ ಕೈ ಹಾಕಿದ.

ಅವನ ಧೈರ್ಯಕ್ಕೆ ಕಾರಣವಿತ್ತು. ಮ್ಯಾಕ್ಸ್‌ವೆಲ್ ಒಂದು ಕಂಪೆನಿಯಲ್ಲಿ ಎಸಿ ಸರ್ವಿಸ್ ಸೂಪರ್‌ವೈಸರ್. ಹೊರಗೆ ನಲವತ್ತನಾಲ್ಕು ಡಿಗ್ರಿ ಸುಡುವಾಗ ಒಳಗೆ ಹದಿನೆಂಟು ಮಾಡಿಕೊಡುವುದು ಅವನ ಕೆಲಸ. ದಿನವೂ ಸೂರ್ಯನ ಜತೆ ಜಗಳವಾಡಿ ಗೆಲ್ಲುವವನಿಗೆ ಒಂದು ಪಾತ್ರೆ ಅಕ್ಕಿಹಿಟ್ಟು ಯಾವ ಲೆಕ್ಕ!

ಈ ವರ್ಷ ಪ್ರೀತಿಭೋಜನಕ್ಕೆ ಹದಿನೈದು ದಿನವಿರುವಾಗ ಆಂಟಿ ಬಾತ್‌ರೂಮಿನಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡರು. ಸಭೆ ಕಂಗಾಲಾಯಿತು. ಸನ್ನ ಯಾರು ಮಾಡುವುದು? ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡ ಆಂಟಿ ಮೆಲ್ಲಗೆ ಹೇಳಿದರು: "ಮ್ಯಾಕ್ಸ್‌ವೆಲ್ ಮಾಡ್ಲಿ. ಅವನಿಗೆ ಲೆಕ್ಕ ಗೊತ್ತುಂಟಲ್ಲ."

ಎಲ್ಲರ ಕಣ್ಣು ಅವನ ಮೇಲೆ ಬಿತ್ತು. ಮ್ಯಾಕ್ಸ್‌ವೆಲ್ ಎದ್ದು ನಿಂತು ಅಂಗಿ ಸರಿಪಡಿಸಿಕೊಂಡ.

"ಎಂಬತ್ತು ಜನ. ಒಬ್ಬೊಬ್ಬರಿಗೆ ಮೂರು ಸನ್ನ. ಒಂದೇ ಒಂದು ಕಡಿಮೆ ಬಿದ್ರೂ ಮೈಕ್ ಹಿಡಿದು, ಎಲ್ಲರೆದುರು ಆಂಟಿಯ ಕ್ಷಮೆ ಕೇಳ್ತೇನೆ!"

"ಈಗ್ಲೇ ಕೇಳಿ ಕೂತ್ಕೊಳ್ಳಿ ಮಾರಾಯ್ರೆ, ಕೆಲಸ ಮುಗೀತದೆ," ಎಂದಳು ಚಿತ್ರಾ.

ಪ್ರೀತಿಭೋಜನ ಶುಕ್ರವಾರ ಮಧ್ಯಾಹ್ನ. ಗುರುವಾರ ಸಂಜೆ ಅಲ್ ಮವಾಲೇಹ್‌ನ ಅವರ ಫ್ಲ್ಯಾಟಿನಲ್ಲಿ ಮಿಕ್ಸಿ ಎಷ್ಟು ಸಲ ತಿರುಗಿತೆಂದರೆ ಕೊನೆಗೆ ಅದರಿಂದ ರೈಲು ಎಂಜಿನಿನ ಸುಟ್ಟ ವಾಸನೆ ಬರತೊಡಗಿತು. ಊರಲ್ಲಾದರೆ ಹಿಟ್ಟು ಹುಳಿಯಲು ಶೇಂದಿ ಹಾಕುತ್ತಾರೆ. ಇಲ್ಲಿ ಶೇಂದಿ ಎಲ್ಲಿಂದ ತರುವುದು? ಯೀಸ್ಟೇ ಗತಿ. ಮ್ಯಾಕ್ಸ್‌ವೆಲ್ ಯೀಸ್ಟನ್ನು ಔಷಧಿಯಂತೆ ತೂಗಿ ಹಾಕಿದ, ಹಿಟ್ಟನ್ನು ಎರಡು ದೊಡ್ಡ ಪಾತ್ರೆಗಳಿಗೆ ತುಂಬಿ ಮುಚ್ಚಳ ಹಾಕಿದ, ಪ್ರಾರ್ಥನೆ ಮಾಡಿ ಮಲಗಿದ.

ಬೆಳಿಗ್ಗೆ ಐದೂವರೆಗೆ ಮುಚ್ಚಳ ತೆಗೆದು ನೋಡುತ್ತಾನೆ, ಒಂದು ಗುಳ್ಳೆಯಿಲ್ಲ! ಹಿಟ್ಟು ಹಾಕಿದಲ್ಲೇ, ಹಾಕಿದ ಹಾಗೆಯೇ, ತಣ್ಣಗೆ ಮಲಗಿತ್ತು.

"ಹದಿನೆಂಟರಲ್ಲಿ ಎಸಿ ಓಡಿಸಿದ್ರೆ ಅದು ಹೇಗೆ ಏಳ್ತದೆ? ನನಗೇ ಏಳ್ಲಿಕ್ಕೆ ಆಗುದಿಲ್ಲ," ಎಂದಳು ಚಿತ್ರಾ ಕಂಬಳಿಯೊಳಗಿಂದ. "ಬಂದ್ ಮಾಡಿ ಅಂದೆ. ಕೇಳಿದ್ರಾ?"

"ಎಸಿಯವನ ಮನೆಯಲ್ಲೇ ಎಸಿ ಬಂದ್ ಮಾಡುದಾ? ನನ್ನ ಕೆಲಸಕ್ಕೊಂದು ಮರ್ಯಾದೆ ಬೇಡ್ವಾ?"

"ಮಧ್ಯಾಹ್ನ ಮೈಕ್ ಹಿಡಿಯುವಾಗ ಮರ್ಯಾದೆ ಬೇಡ್ವಾ?"

ಮ್ಯಾಕ್ಸ್‌ವೆಲ್‌ಗೆ ಬೆವರಿತು, ಹದಿನೆಂಟು ಡಿಗ್ರಿಯಲ್ಲಿ! ತಕ್ಕಡಿ ಬದಿಗಿಟ್ಟು ಉಳಿದಿದ್ದ ಯೀಸ್ಟಿನ ಪೊಟ್ಟಣಗಳನ್ನೆಲ್ಲ ಒಡೆದು ಸುರಿದು ಕಲಕಿದ. ಅಷ್ಟರಲ್ಲಿ ಅಡಿಗೆಮನೆಯ ಕಿಟಕಿಯಿಂದ ಕೆಳಗೆ ನಿಂತ ಕಾರು ಕಣ್ಣಿಗೆ ಬಿತ್ತು. ಅವನ ತಲೆಯೊಳಗೆ ಮಹಾ ಬೆಳಕೊಂದು ಮೂಡಿತು.

"ಚಿತ್ರಾ! ಬಿಸಿಲಲ್ಲಿ ನಿಲ್ಲಿಸಿದ ಕಾರು ಅಂದ್ರೆ ಎಂತ? ದೇವರು ಕೊಟ್ಟ ಓವನ್! ಆರಾಧನೆ ಮುಗಿಯುವಷ್ಟರಲ್ಲಿ ಹಿಟ್ಟು ರೆಡಿ. ಚರ್ಚಿನ ಅಡಿಗೆಮನೆಯಲ್ಲೇ ಬೇಯಿಸುದು. ಒಮಾನಿನಲ್ಲಿ ಇಷ್ಟು ವರ್ಷದಲ್ಲಿ ಯಾರಿಗೂ ಹೊಳೀಲಿಲ್ಲ ನೋಡು!"

"ಬಾಲ್ಕನಿಯಲ್ಲಿ ಇಟ್ರೆ ಸಾಲ್ದಾ?"

"ಬಾಲ್ಕನಿಯನ್ನು ರೂವಿಯ ಚರ್ಚಿಗೆ ತಗೊಂಡು ಹೋಗ್ಲಿಕ್ಕೆ ಆಗ್ತದಾ?"

ಎರಡು ಪಾತ್ರೆಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ ಹೊರಟರು. ಹಿಟ್ಟಿಗೆ ಚಳಿಯಾಗಬಾರದೆಂದು ದಾರಿಯುದ್ದಕ್ಕೂ ಕಾರಿನ ಎಸಿ ಬಂದ್! ಚಿತ್ರಾ ಮುಖಕ್ಕೆ ಹಚ್ಚಿದ್ದ ಪೌಡರ್ ಅರ್ಧ ದಾರಿಯಲ್ಲೇ ಕುತ್ತಿಗೆಗಿಳಿಯಿತು. ಚರ್ಚಿನ ಅಂಗಳದಲ್ಲಿ ಎಲ್ಲರೂ ಒಂದು ತುಂಡು ನೆರಳಿಗಾಗಿ ಕಾರು ಹಿಂದೆ ಮುಂದೆ ಮಾಡುತ್ತಿದ್ದರೆ ಮ್ಯಾಕ್ಸ್‌ವೆಲ್ ಹುಡುಕಿ ಹುಡುಕಿ ನಡುಬಿಸಿಲಲ್ಲಿ ನಿಲ್ಲಿಸಿದ. ಗಾಜುಗಳನ್ನೆಲ್ಲ ಭದ್ರವಾಗಿ ಏರಿಸಿ, ಕಾರಿನ ಬೆನ್ನು ತಟ್ಟಿ ಒಳಗೆ ಹೋದ.

ಆರಾಧನೆಯಲ್ಲಿ ಸಭಾಪಾಲಕರ ಉಪದೇಶದ ಪ್ರಸಂಗ ಅಂದು ತಾಳ್ಮೆಯ ಕುರಿತಾಗಿತ್ತು. ಅದು ಇನ್ನೂ ಮುಗಿದಿರಲಿಲ್ಲ, ಬಾಗಿಲ ಬಳಿ ಯಾರೋ ಎರಡೂ ಕೈ ಬೀಸುತ್ತಿರುವುದು ಕಂಡಿತು. ಅಡಿಗೆಗೆ ಮಾರ್ಕೆಟ್ಟಿನಿಂದ ಈರುಳ್ಳಿ, ಕೊತ್ತಂಬರಿ ತಂದಿದ್ದ ಮಮ್ಮದ್ ಬ್ಯಾರಿ. ಮ್ಯಾಕ್ಸ್‌ವೆಲ್ ಬಗ್ಗಿಕೊಂಡು ಹೊರಗೆ ಬಂದ.

"ಮ್ಯಾಕ್ಸಣ್ಣ, ನಿಮ್ಮ ಕಾರಲ್ಲಿ ಯಾರೋ ಇದ್ದಾರೆ."

"ಯಾರು?"

"ಗೊತ್ತಿಲ್ಲ. ಬಿಳಿ ಇದ್ದಾರೆ. ಗಾಜಿನವರೆಗೆ ಬಂದಿದ್ದಾರೆ."

ಮ್ಯಾಕ್ಸ್‌ವೆಲ್ ಓಡಿದ. ಓಡುವ ಸದ್ದಿಗೆ ಹಿಂದಿನ ಬೆಂಚಿನವರು ಎದ್ದರು. ಅವರನ್ನು ನೋಡಿ ನಡುವಿನವರು ಎದ್ದರು. ತಾಳ್ಮೆಯ ಪ್ರಸಂಗವನ್ನು ಅಲ್ಲಿಗೇ ಬಿಟ್ಟು ಸಭಾಪಾಲಕರೂ ಹೊರಗೆ ಬಂದರು.

ಆ ನೋಟವನ್ನು ಕಂಡವರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಎರಡು ಮುಚ್ಚಳಗಳೂ ಟೋಪಿ ಎತ್ತಿದಂತೆ ಮೇಲೇರಿ ಕಾರಿನ ಮಾಡಿಗೆ ತಾಗಿದ್ದವು. ಅವುಗಳ ಅಡಿಯಿಂದ ಹಿಟ್ಟು ಹಾಲಿನ ಬಣ್ಣದ ಬೆಟ್ಟವಾಗಿ ಎದ್ದು, ಹಿಂದಿನ ಸೀಟನ್ನು ತುಂಬಿ, ಮುಂದಿನ ಎರಡು ಸೀಟುಗಳ ನಡುವೆ ದಾರಿ ಮಾಡಿಕೊಂಡು ಗೇರನ್ನು ನುಂಗಿತ್ತು. ಬಿಸಿಲು ಬಿದ್ದಲ್ಲಿ ಸಾವಿರ ಗುಳ್ಳೆಗಳು ಮುತ್ತಿನಂತೆ ಹೊಳೆದು ಒಡೆಯುತ್ತಿದ್ದವು. ಹಿಟ್ಟು ಉಸಿರಾಡುತ್ತಿತ್ತು! ನಿಜವಾಗಿ, ಮೇಲೆ ಕೆಳಗೆ, ನಿದ್ದೆಯಲ್ಲಿರುವ ಮಗುವಿನಂತೆ. ಒಂದು ಹಿಡಿ ಯೀಸ್ಟಿನೊಳಗೆ ಇಷ್ಟು ಜೀವವನ್ನು ಇಟ್ಟವನು ಯಾರು ಎಂದು ಮ್ಯಾಕ್ಸ್‌ವೆಲ್ ತನ್ನ ಕಾರನ್ನೂ ಮರೆತು ಬೆರಗಾಗಿ ನಿಂತ.

ಬಾಗಿಲು ತೆರೆದ. ಹಿಟ್ಟು ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಬಹಳ ಗಂಭೀರವಾಗಿ ಕೆಳಗಿಳಿದು ಅವನ ಬೂಟುಗಳನ್ನು ಆವರಿಸಿತು.

ಯಾರೂ ನಗಲಿಲ್ಲ. ಸಭಾಪಾಲಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಉಬ್ಬಲಿಲ್ಲ ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ," ಎಂದಳು ಚಿತ್ರಾ. ಆಮೇಲೆ ಎಲ್ಲರೂ ಒಟ್ಟಿಗೇ ನಕ್ಕ ಸದ್ದಿಗೆ ಗೇಟಿನ ಪಾರಿವಾಳಗಳು ಹಾರಿದವು.

ಗುಂಪು ಎರಡಾಗಿ ಸರಿಯಿತು. ಉಮಾವತಿ ಆಂಟಿ ಬಂದರು. ಕಾರನ್ನು ಒಂದು ಸುತ್ತು ಹಾಕಿ ನೋಡಿದರು. ಎಡಗೈಯ ಬೆರಳನ್ನು ಪಾತ್ರೆಯೊಳಗಿನ ಹಿಟ್ಟಿಗೆ ಅದ್ದಿ ನಾಲಿಗೆಗಿಟ್ಟರು.

"ಪಾತ್ರೆಯಲ್ಲಿ ಎಷ್ಟು ಉಳಿದುಂಟು?"

"ಅರ್ಧ ಕೂಡ ಇಲ್ಲ ಆಂಟಿ," ಮ್ಯಾಕ್ಸ್‌ವೆಲ್ ಪಾತ್ರೆಯನ್ನು ಬಗ್ಗಿಸಿ ತೋರಿಸಿದ. "ಎಲ್ಲ ಖಲಾಸ್."

"ಖಲಾಸ್ ಆದದ್ದು ನಿನ್ನ ಸೀಟು. ಹಿಟ್ಟು ಒಳ್ಳೆದುಂಟು. ಯಲ್ಲಾ, ಬೇಗ ಬೇಗ ಒಲೆ ಹೊತ್ತಿಸಿ!"

ಮುಂದಿನ ಒಂದು ಗಂಟೆಯನ್ನು ಮ್ಯಾಕ್ಸ್‌ವೆಲ್ ತನ್ನ ಜನ್ಮದಲ್ಲಿ ಮರೆಯಲಾರ. ಆಂಟಿ ಕುರ್ಚಿಯಲ್ಲಿ ಕುಳಿತು ಒಂದೇ ಕೈಯಿಂದ ರಾಜ್ಯವಾಳಿದರು. "ಕಲಕ್ಬೇಡ. ಬಟ್ಟಲಿಗೆ ಅರ್ಧ ಮಾತ್ರ. ಹ್ಞಾಂ, ಈಗ ಮುಚ್ಚು." ಅವನು ಜೇಬಿನಿಂದ ಥರ್ಮಾಮೀಟರ್ ತೆಗೆಯುವಷ್ಟರಲ್ಲಿ ಅವರು ಒಲೆಯತ್ತ ಬಾಗಿ, ಕುದಿಯುವ ಸದ್ದಿಗೆ ಕಿವಿಕೊಟ್ಟು, "ಬೆಂದಿತು, ತೆಗಿ" ಎಂದರು. ಮುಚ್ಚಳ ತೆಗೆದರೆ ಹಬೆಯೊಳಗಿಂದ ಬೆಳ್ಳಗೆ, ಮೆತ್ತಗೆ, ನಡುಗುವ ಸನ್ನಗಳು! ಮೂವತ್ತು ವರ್ಷದ ಲೆಕ್ಕ ಆ ಕಿವಿಯಲ್ಲಿತ್ತು. ಮ್ಯಾಕ್ಸ್‌ವೆಲ್ ಥರ್ಮಾಮೀಟರನ್ನು ಯಾರೂ ನೋಡದಂತೆ ಜೇಬಿಗಿಳಿಸಿದ.

ಒಬ್ಬೊಬ್ಬರಿಗೆ ಒಂದೊಂದು ಸನ್ನ ಬಂತು, ಮೂರಲ್ಲ. ಉಳಿದ ಹೊಟ್ಟೆಗೆ ಮಮ್ಮದ್ ಓಡಿಹೋಗಿ ಬೇಕರಿಯಿಂದ ಬಿಸಿ ಖುಬ್ಬೂಸ್ ರೊಟ್ಟಿ ತಂದ. ಊಟ ಮುಗಿಯುವ ಹೊತ್ತಿಗೆ ಮ್ಯಾಕ್ಸ್‌ವೆಲ್ ಹಿಟ್ಟು ಒಣಗಿದ ಬೂಟಿನಲ್ಲಿ ಕಿರಕಿರ ಸದ್ದು ಮಾಡುತ್ತ ಹೋಗಿ ಮೈಕ್ ಹಿಡಿದ.

"ಆಂಟೀ, ತಪ್ಪಾಯ್ತು. ಇದು ಲೆಕ್ಕ ಅಲ್ಲ, ಕೈಗುಣ. ನಿಮ್ಮ ಸನ್ನಕ್ಕೆ ಹೆಸರಿಟ್ಟ ಬಾಯಿ ಇದು. ಕ್ಷಮಿಸ್ಬೇಕು." ಆಮೇಲೆ ಅಷ್ಟರಲ್ಲೇ ನಿಲ್ಲಿಸಲು ಮನಸ್ಸಾಗದೆ ಸೇರಿಸಿದ: "ಆದ್ರೂ ಕಾರಿನ ಐಡಿಯಾ ಒಂದು ಹೊಸದಾಗಿತ್ತು. ಅದನ್ನು ಯಾರೂ ಮಾಡಿರ್ಲಿಕ್ಕಿಲ್ಲ."

"ಮೈಕ್ ಕೆಳಗಿಡು ಮಗಾ," ಎಂದರು ಆಂಟಿ ಖುಬ್ಬೂಸ್ ಮುರಿಯುತ್ತ. "ಇಲ್ಲಿಗೆ ಬಂದ ಮೊದಲನೇ ವರ್ಷ ನಾನೂ ಕಾರಿನಲ್ಲೇ ಇಟ್ಟದ್ದು."

ಮ್ಯಾಕ್ಸ್‌ವೆಲ್‌ನ ಪ್ರಶ್ನೆ ಮೈಕಿನಲ್ಲೇ ಮೊಳಗಿತು. "ನಿಮ್ಮ ಕಾರೂ ಹೀಗೇ ಆಗಿತ್ತಾ ಆಂಟಿ?"

"ನಮಗೆಲ್ಲಿತ್ತು ಕಾರು? ಆಗಿನ ಪಾಸ್ಟರರದ್ದು. ತಗೊಂಡು ಮೂರು ದಿನ ಆಗಿತ್ತಷ್ಟೆ."