ಬಜೆಟ್ಟನ್ನು ಸ್ವಾಗತಿಸಿದವರಿಗೊಂದು ಚೆಂಡುಹೂವಿನ ಹಾರ

ನಿಜಾಮ ಸರ್ಕಾರ ಪ್ರತಿವರ್ಷ ತನ್ನ ಬಜೆಟ್ಟನ್ನು ನಮ್ಮ ಸೋದರಮಾವನಿಗೆ ತೋರಿಸಲೆಂದೇ ಬರೆಯುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಸರ್ಕಾರಕ್ಕೂ ಈ ಸಂಗತಿ ಗೊತ್ತಿರಲಿಲ್ಲ. ಮಾವನಿಗೆ ಮಾತ್ರ ಗೊತ್ತಿತ್ತು!

ಆಗಿನವರು ಅದನ್ನು ಮುವಾಜ್ನಾ ಅನ್ನುತ್ತಿದ್ದರು. ಬರೆಯಲು ನನಗೂ ಓದಲು ನಿಮಗೂ ತ್ರಾಸಾಗುವುದರಿಂದ ಇಲ್ಲಿ ಎಲ್ಲರ ಬಾಯಲ್ಲೂ ಬಜೆಟ್ಟೆಂದೇ ಅನ್ನಿಸುತ್ತೇನೆ. ದಸರೆ ಮುಗಿದು, ಬನ್ನಿ ಎಲೆ ಇನ್ನೂ ದೇವರ ಗೂಡಿನಲ್ಲಿ ಒಣಗುತ್ತಿರುವಾಗ ಸರ್ಕಾರದ ಹೊಸ ಫಸಲಿ ವರ್ಷ ಶುರುವಾಗುತ್ತಿತ್ತು. ಆ ಸುಮಾರಿಗೆ ಬಜೆಟ್ಟು ಹೈದರಾಬಾದಿನ ಉರ್ದು ಪತ್ರಿಕೆಯಲ್ಲಿ ಅಚ್ಚಾಗಿ, ರೈಲು ಹತ್ತಿ ಚಿತ್ತಾಪುರಕ್ಕೆ ಬರುತ್ತಿತ್ತು. ಅವತ್ತು ಮಾವ ನಸುಕಿನಲ್ಲೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಎಳೆದು, ಬೀಗರ ಮನೆಗೆ ಹೊರಟವರಂತೆ, ಯಾರಿಗೂ ಮುಟ್ಟಗೊಡದ ತಮ್ಮ ರುಮಾಲು ಸುತ್ತಿಕೊಂಡು ಸ್ಟೇಶನ್ನಿಗೆ ಹೋಗುತ್ತಿದ್ದರು. ಟಪಾಲಿನವನು ಮನೆಗೇ ತಂದುಕೊಡುವುದಿಲ್ಲವೇ? ಕೊಡುತ್ತಾನೆ. ಆದರೆ ಅವನು ಪತ್ರಿಕೆಯನ್ನು ಮಡಿಚುತ್ತಾನೆ. ಮಡಿಕೆ ಬಿದ್ದ ಬಜೆಟ್ಟು ಮಾವನಿಗೆ ಆಗದು!

ನಾನು ಹೇಳುತ್ತಿರುವುದು ಕಾಲ ಕೆಟ್ಟ ವರ್ಷದ ಮಾತು. ಸಮುದ್ರದಾಚೆ ಎಲ್ಲೋ ವ್ಯಾಪಾರ ಬಿದ್ದರೆ ನಮ್ಮ ತೊಗರಿಯ ಬೆಲೆ ಯಾಕೆ ಬೀಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಬಿದ್ದಿತ್ತು. ರಾವೂರಿನ ಗಣಿಗಳಲ್ಲಿ ತೆಗೆದ ಹಾಸುಗಲ್ಲು ಕೊಳ್ಳುವವರಿಲ್ಲದೆ ಕೋಟೆಗೋಡೆಯಂತೆ ನಿಂತಿತ್ತು. ಮಾವನದು ಅಡತಿ ಅಂಗಡಿ. ರೈತರ ತೊಗರಿ, ಶೇಂಗಾ ತೂಗಿ ವ್ಯಾಪಾರಸ್ಥರಿಗೆ ಮಾರಿಸುವ ಕೆಲಸ. ತೂಗಲು ಏನೂ ಬಾರದೆ, ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಕ್ಕು ಮರಿ ಹಾಕಿತ್ತು.

"ಇರಲಿ ಬಿಡು. ಈ ವರ್ಷ ತಕ್ಕಡೀಗೆ ಬಂದ ಮಾಲು ಇದೊಂದೇ," ಎಂದರು ಮಾವ.

"ಬೆಕ್ಕಿನ ಬಾಣಂತನಕ್ಕ ಯಾರೂ ಬೇಕಾಗಂಗಿಲ್ಲ. ಮನಷ್ಯಾರಿಗೆ ಬೇಕಲ್ಲ," ಎಂದು ಅತ್ತೆ ನನ್ನ ಕಡೆ ನೋಡಿದರು.

ಯಾಕೆಂದರೆ ಆಡಕಿಯ ಗಂಡನ ಮನೆಯಿಂದ ನಾನು ಚೊಚ್ಚಲ ಹೆರಿಗೆಗೆ ಬಂದಿದ್ದೆ. ತಾಯಿಯಿಲ್ಲದ ನನಗೆ ಸೋದರಮಾವನ ಮನೆಯೇ ತವರು. ದಿನಗಳು ತುಂಬುತ್ತಿದ್ದವು. ಅತ್ತೆಗೆ ಎರಡು ಸಲ ಹೆರಿಗೆಯಾಗಿ, ಎರಡು ಸಲವೂ ಕೂಸು ಉಳಿದಿರಲಿಲ್ಲ. ಆಗ ಊರಲ್ಲಿ ತಿಳಿದವರು ಯಾರೂ ಇರಲಿಲ್ಲ. ಈಗ ಸರ್ಕಾರಿ ದವಾಖಾನೆಗೆ ಒಬ್ಬ ನರ್ಸಬಾಯಿ ಬಂದಿದ್ದರು. ಅವರ ಕೈಗೆ ಬಂದ ಕೂಸುಗಳು ಓಣಿ ತುಂಬ ಅಂಬೆಗಾಲಿಡುತ್ತಿದ್ದವು. ಅಷ್ಟರಲ್ಲಿ ಈ ಸುದ್ದಿ: ಕಾಲ ಕೆಟ್ಟಿದೆ, ಸರ್ಕಾರ ಖರ್ಚು ಕಡಿಮೆ ಮಾಡುತ್ತದೆ, ನರ್ಸಬಾಯಿಯ ಜಾಗವನ್ನು ತೆಗೆದುಹಾಕುತ್ತದೆ! ಇದಕ್ಕೆ ಸರ್ಕಾರ ಇಟ್ಟ ಚೆಂದದ ಹೆಸರು ತಖಫೀಫು. ಹಗುರ ಮಾಡುವುದು ಎಂದು ಅರ್ಥವಂತೆ. ಯಾರಿಗೆ ಹಗುರವಾಯಿತೋ! ಅತ್ತೆಗಂತೂ ತುತ್ತು ಇಳಿಯುತ್ತಿರಲಿಲ್ಲ. ಅಟ್ಟದ ಮೇಲೆ ಅವರದೇ ತೊಟ್ಟಿಲಿದ್ದರೂ ಪಕ್ಕದ ಮನೆಯವರನ್ನು ತೊಟ್ಟಿಲು ಕೇಳಿಟ್ಟಿದ್ದರು. ಮಾವ ಅಟ್ಟದ್ದನ್ನು ಮುಟ್ಟಗೊಡುತ್ತಿರಲಿಲ್ಲ. "ಅದಕ್ಕ ಹುಳಾ ಹತ್ಯಾವ," ಎಂದುಬಿಡುತ್ತಿದ್ದರು. ಹತ್ತಿ ನೋಡಿದವರು ಯಾರೂ ಇಲ್ಲ.

ಬಜೆಟ್ಟು ಬಂತು. ಮಾವ ಕಟ್ಟೆಯ ಮೇಲೆ ಕೂತು, ಉರ್ದುವನ್ನು ಕನ್ನಡ ಮಾಡುತ್ತ ಗಟ್ಟಿಯಾಗಿ ಓದತೊಡಗಿದರು.

"ಏನ್ರೀ, ನರ್ಸಬಾಯಿದೇನರ ಬರದಾರೇನು?" ಒಳಗಿನಿಂದ ಅತ್ತೆ.

"ದೊಡ್ಡ ಅಕ್ಷರ ಓದೂ ಮುಂದ ಸಣ್ಣ ಮಾತು ಕೇಳಬ್ಯಾಡ," ಎಂದು ಗದರಿದ ಮಾವ ಒಮ್ಮೆಲೇ ನಿಂತುಬಿಟ್ಟರು. "ಏ, ಇಲ್ಲಿ ಕೇಳಿಲ್ಲಿ! ಬಜೆಟ್ಟನ್ನು ಸಮಸ್ತ ರಿಯಾಯಾ ಸಂತೋಷದಿಂದ ಸ್ವಾಗತಿಸಿದೆ ಅಂತ ಬರದಾರ!"

"ರಿಯಾಯಾ ಅಂದ್ರ?"

"ಪ್ರಜಾ. ಪ್ರಜಾ ಅಂದ್ರ ನಾವು."

"ನಾವು ಯಾವಾಗ ಸ್ವಾಗತ ಮಾಡಿದ್ವಿ?"

"ಅದನ್ನೇ ನಾ ಕೇಳಾಕತ್ತೀನಿ! ನಿನ್ನಿ ನಾ ಏನು ಮಾಡಲಿಕತ್ತಿದ್ದೆ?"

"ಹಲ್ಲು ನೋವು ಅಂತ ಲವಂಗ ಕಚ್ಚಿಕೊಂಡು ಮಲಗಿದ್ರಿ."

"ಹಾಂ! ಲವಂಗ ಕಚ್ಚಿಕೊಂಡವ ಸಂತೋಷದಿಂದ ಸ್ವಾಗತ ಹ್ಯಾಂಗ ಮಾಡ್ತಾನ?"

ಬೇರೆಯವರಾಗಿದ್ದರೆ ನಕ್ಕು ಪತ್ರಿಕೆಯನ್ನು ಪಕ್ಕಕ್ಕಿಡುತ್ತಿದ್ದರು. ಮಾವ ಪತ್ರಿಕೆಯ ಮಾತನ್ನು ನಂಬುವವರು. ನಾವು ಮಾಡಿಲ್ಲವೆಂದರೆ ಮತ್ತೆ ಯಾರೋ ಮಾಡಿದ್ದಾರೆ. ಇಂಥ ಕೆಟ್ಟ ಕಾಲದಲ್ಲಿ ಸಂತೋಷಪಡುವ ಗಟ್ಟಿಗ ನಮ್ಮ ಸೀಮೆಯಲ್ಲಿದ್ದರೆ ಅವನನ್ನು ಹುಡುಕಿ ಸತ್ಕಾರ ಮಾಡಬೇಡವೇ? ಅತ್ತೆಯ ಕೈಯಿಂದಲೇ ಹಿತ್ತಿಲಿನ ಚೆಂಡುಹೂವಿನ ದಪ್ಪ ಹಾರ ಕಟ್ಟಿಸಿ, ಕೈಚೀಲದಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಹೋದಲ್ಲಿ ನಡೆದದ್ದನ್ನೆಲ್ಲ ಸಂಜೆ ನಮ್ಮೆದುರು ಅಭಿನಯಿಸಿ ತೋರಿಸುತ್ತಿದ್ದುದರಿಂದ, ನಾನು ಕೂತಲ್ಲಿಂದ ಕದಲದೆಯೂ ಎಲ್ಲ ನೋಡಿದವಳೇ.

ಮೊದಲು ಕ್ಷೌರದವನ ಬಳಿ ಹೋದರು. "ಬಜೆಟ್ಟಿಗೆ ನೀ ಸ್ವಾಗತ ಮಾಡೀದಿಯೇನೋ?"

ಅವನು ಕತ್ತಿ ಮಸೆಯುವುದನ್ನು ನಿಲ್ಲಿಸಿ ಆಚೀಚೆ ನೋಡಿದ. "ಧಣೇರ, ಮಾಡಿದ್ರ ಶಿಕ್ಷಾ ಏನದ? ಮಾಡದಿದ್ರ ಶಿಕ್ಷಾ ಏನದ? ಮೊದಲ ಅದನ್ನ ಹೇಳ್ರಿ. ಆಮ್ಯಾಲ ನಾ ಅವತ್ತು ಎಲ್ಲಿದ್ದೆ ಅಂತ ಹೇಳ್ತೀನಿ."

ಉರ್ದು ಶಾಲೆಯ ಮಾಸ್ತರು ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕೇಳುವ ಹಾಗೆ, "ಬಹುತ್ ಖೂಬ್ ಬಜೆಟ್ಟು! ನಾ ಸ್ವಾಗತ ಮಾಡೀನ್ರಿ!" ಎಂದರು. ಮಾವ ಸಂಭ್ರಮದಿಂದ ಹಾರ ತೆಗೆಯುವಷ್ಟರಲ್ಲಿ ಮಾಸ್ತರು ಅವರ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿದರು. "ಹಾರಾ ಒಳಗಿಡ್ರಿ ಸೇಠಜಿ. ಅದು ಬಾಗಲದಾಗ ಹೇಳೋ ಮಾತು. ಪಗಾರ ಕಡಿದಾರ, ಮನ್ಯಾಗ ಚಹಾ ಬಂದ್ ಆಗ್ಯದ. ಕುಂದ್ರಿ, ನೀರು ಕುಡೀರಿ."

ಮರುದಿನ ಕಾಗಿಣಾ ನದಿಯ ಕಡೆ ನಡೆದರು. ದೋಣಿ ಹಾಕುವ ಅಂಬಿಗ ತಲೆ ಕೆರೆದುಕೊಂಡು, "ಈ ದಂಡಿಗೆ ಯಾರೂ ಮಾಡಿಲ್ರೀ ಯಪ್ಪಾ. ಆ ದಂಡಿಗೆ ಕೇಳಿ ನೋಡ್ರಿ," ಎಂದು ದಾಟಿಸಿದ. ಆ ದಂಡೆಯವರು, "ನಾವು ಬಡವರ್ರಿ, ನಮಗೆಲ್ಲಿ ಸಂತೋಷ? ಈಗ ದಾಟಿ ಬಂದ್ರಲ್ಲ, ಆ ದಂಡಿಯವರು ಮಾಡಿರಬೇಕು," ಎಂದರು. ಅಂಬಿಗ ಮತ್ತೆ ದಾಟಿಸಿದ. ಮಾವ ಸತ್ಯ ಶೋಧಿಸುತ್ತಿದ್ದರು, ಅಂಬಿಗನಿಗೆ ಗಿರಾಕಿ ಸಿಕ್ಕಿತ್ತು. ಆ ವರ್ಷ ಬಜೆಟ್ಟಿನಿಂದ ಲಾಭವಾದದ್ದು ಅವನೊಬ್ಬನಿಗೇ ಇರಬೇಕು!

"ಇವರ್ಯಾರೂ ಅಲ್ಲ. ನಾಳೆ ವಾಡಿಗೆ ಹೋಗ್ತೀನಿ," ಎಂದರು ಮಾವ, ಬಾಡುತ್ತಿದ್ದ ಹಾರಕ್ಕೆ ನೀರು ಚಿಮುಕಿಸುತ್ತ. "ಜಂಕ್ಷನ್ನು. ನಾಕೂ ದಿಕ್ಕಿನ ಮಂದಿ ಇಳೀತಾರ."

"ಹೋಗಿ ಬರ್ರಿ," ಎಂದರು ಅತ್ತೆ. "ಆದ್ರ ದವಾಖಾನಿಗೊಮ್ಮಿ ಹೋಗಿ ನರ್ಸಬಾಯಿ ಇರ್ತಾಳೋ ಹೋಗ್ತಾಳೋ ಕೇಳಿದ್ರ..."

"ಹುಕುಂ ಜಿಲ್ಲಾದಿಂದ ಬರಬೇಕು, ಬಂದಾಗ ಬರತದ," ಎಂದು ಮಾವ ಗೋಡೆಯ ಕಡೆ ಹೊರಳಿದರು.

ವಾಡಿಯಲ್ಲಿ ಬೊಂಬಾಯಿ ಕಡೆಯ ಪ್ರಯಾಣಿಕರು, "ನಿಮ್ಮ ಸರ್ಕಾರದ ಸುದ್ದಿ ನಮಗ್ಯಾಕ?" ಎಂದು ಮುಖ ತಿರುಗಿಸಿದರಂತೆ. ಮಾವ ಚೀಲ ಹಿಡಿದು ಅತ್ತಿಂದಿತ್ತ ಅಲೆಯುವುದನ್ನು ಕಂಡು, ಗಡಿಸುಂಕ ವಸೂಲಿಯ ಕರೋಡಗಿರಿ ನಾಕೆದಾರ ಹಿಡಿದು ನಿಲ್ಲಿಸಿದ. "ಚೀಲದಾಗೇನದ?"

"ಹಾರ."

"ಮತ್ತ?"

"ಒಂದು ಪ್ರಶ್ನಾ ಅದರಿ."

ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡ ನಾಕೆದಾರ ಹಾರವನ್ನು ಚೀಲಕ್ಕೆ ತುರುಕಿ ಮೆಲ್ಲಗೆ ಹೇಳಿದ: "ಇದರ ಮ್ಯಾಲ ಇನ್ನೂ ಸುಂಕ ಹಾಕಿಲ್ಲ. ಹಾಕೂದರಾಗ ಲಗೂ ಮನೀಗೆ ಹೋಗ್ರಿ!"

ಮಾವ ಮನೆಗೆ ಬಂದರು; ಹಿಂದೆಯೇ ಪೊಲೀಸ್ ಅಮೀನರ ಕರೆಯೂ ಬಂತು. ಅತ್ತೆ ತಂಬಿಗೆ ಕೆಳಗಿಟ್ಟು ದೇವರ ಗೂಡಿಗೆ ಕೈಮುಗಿದರು. ಮಾವನ ಮುಖ ಮಾತ್ರ ಅರಳಿತು. "ನೋಡು! ಕಡೀಗೂ ಸರ್ಕಾರ ನನ್ನ ಅಭಿಪ್ರಾಯ ಕೇಳಾಕತ್ತದ!" ಎಂದು ಶೇರವಾನಿ ಹಾಕಿಕೊಂಡು ನಡೆದರು.

"ಕ್ಯಾ ಸೇಠ್, ಗಲ್ಲಿ ಗಲ್ಲಿ ತಿರಗಿ ಬಜೆಟ್ಟಿನ ವಿರುದ್ಧ ಮಂದೀನ ಎಬ್ಬಸಾಕತ್ತೀರಂತ?"

"ವಿರುದ್ಧ ಎಲ್ಲದರಿ ಸಾಹೇಬ್ರ? ಪರವಾಗಿ ಇರೋರನ್ನ ಹುಡಕಾಕತ್ತೀನಿ. ಒಬ್ಬರೂ ಸಿಗವಲ್ರು! ನೀವು ಸ್ವಾಗತ ಮಾಡಿದ್ರ ಹೇಳ್ರಿ, ಈಗಿಂದೀಗ ಹಾರಾ ಹಾಕ್ತೀನಿ."

ಅಮೀನರು ಹೊರಗೆ ಕಟ್ಟಿದ್ದ ತಮ್ಮ ಕುದುರೆಯನ್ನು ನೋಡಿದರು. ಅದರ ಮೇವಿನ ಭತ್ಯವೂ ಅದೇ ಬಜೆಟ್ಟಿನಲ್ಲಿ ಹೋಗಿತ್ತು. ಕುದುರೆ ಅಮೀನರನ್ನು ನೋಡಿತು.

"ಮನೀಗೆ ಹೋಗ್ರಿ ಸೇಠ್," ಎಂದರು ಅಮೀನರು.

ಮಾವ ಬಂದು ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚಿದರು. "ಸುಳ್ಳು ಬರದಾರ. ಈ ಸೀಮಿಯೊಳಗ ಸ್ವಾಗತ ಮಾಡಿದವರು ಒಬ್ಬರೂ ಇಲ್ಲ. ಪೇಪರಿನವರಿಗೆ ಹಂಗಂತ ಬರೀತೀನಿ, ದೌತಿ ತಾ."

ಅತ್ತೆ ದೌತಿ ತರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದರು: "ನಾ ಮಾಡೀನ್ರಿ."

"ಏನು?"

"ಸ್ವಾಗತ. ನೀವು ವಾಡಿಗೆ ಹೋದ ದಿನ ನಾನೇ ದವಾಖಾನಿಗೆ ಹೋಗಿದ್ದೆ. ಹುಕುಂ ಬಂದದಂತ, ನರ್ಸಬಾಯಿನ ತೆಗದಿಲ್ಲ. ಮನೀಗೆ ಬಂದು ದೀಪಾ ಹಚ್ಚಿ ಐದು ಮನೀಗೆ ಬೆಲ್ಲ ಹಂಚೀನಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಊರಿಗೆಲ್ಲ ಕೇಳಿದ್ರಿ. ಹೊಳೀ ಆಚೀ ದಂಡಿಗೂ ಕೇಳಿದ್ರಿ. ನನಗ ಎಲ್ಲಿ ಕೇಳಿದ್ರಿ?"

ಮಾವ ತೊಡೆಯ ಮೇಲಿನ ರುಮಾಲನ್ನು ಸುಮ್ಮನೆ ಸುತ್ತಿದರು, ಬಿಚ್ಚಿದರು. ಆಮೇಲೆ ಎದ್ದು, ನಮ್ಮಿಬ್ಬರ ಮುಖವನ್ನೂ ನೋಡದೆ, ಏಣಿ ತಂದು ಅಟ್ಟ ಹತ್ತಿದರು. ಇಳಿದಾಗ ಅವರ ಹೆಗಲ ಮೇಲೆ ತೊಟ್ಟಿಲಿತ್ತು. ಯಾರಿಗೂ ಮುಟ್ಟಗೊಡದ ಆ ರುಮಾಲಿನಿಂದಲೇ ಅದರ ಧೂಳನ್ನು ಸರಳು ಸರಳಿಗೂ ಒರೆಸಿದರು. ಒಂದು ಹುಳವೂ ಹತ್ತಿರಲಿಲ್ಲ. ಚೀಲದಿಂದ ಬಾಡಿದ ಹಾರ ತೆಗೆದರು. ಅತ್ತೆಯ ಕಡೆ ಒಂದು ಹೆಜ್ಜೆ ಇಟ್ಟು, ನಾನಿರುವುದು ನೆನಪಾಗಿ ಕೆಮ್ಮಿ, ಅದನ್ನು ತೊಟ್ಟಿಲಿಗೆ ಕಟ್ಟಿದರು.

ಆ ವಾರವೇ ಒಂದು ಬೆಳಗ್ಗೆ ನರ್ಸಬಾಯಿ ಬಂದರು. ಕೂಸು ಅಡ್ಡವಾಗಿತ್ತಂತೆ, ಅವರು ಹೊರಗೆ ಬಂದು ಕೈ ತೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಗಳು ಅತ್ತಳು. ಅವಳಿಗಿಂತ ಗಟ್ಟಿಯಾಗಿ ಅತ್ತೆ ಅತ್ತರು.

ಮರುವರ್ಷ ದಸರೆಗೆ ಮಗಳನ್ನೆತ್ತಿಕೊಂಡು ಹೋದಾಗ ನಾನೇ ಕಂಡದ್ದು: ಮಡಿಕೆ ಬೀಳದ ಪತ್ರಿಕೆ ಹಿಡಿದು ಸ್ಟೇಶನ್ನಿನಿಂದ ಬಂದ ಮಾವ, ಕಟ್ಟೆಯ ಮೇಲೆ ಕೂರಲಿಲ್ಲ. ನೇರ ಅಡಿಗೆಮನೆಯ ಹೊಸ್ತಿಲಿಗೆ ಬಂದರು.

"ಬಜೆಟ್ಟು ಬಂದದ. ಏನಂತೀ?"

ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಲಿಲ್ಲ. "ಮೊದಲ ಓದ್ರಿ. ಆಮ್ಯಾಲ ಹೇಳ್ತೀನಿ."

ಮಾವ ಹೊಸ್ತಿಲ ಈಚೆ ಮಣೆ ಎಳೆದುಕೊಂಡು ಕೂತರು. ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಸಣ್ಣ ಅಕ್ಷರದಿಂದ ಓದಲು ಶುರುಮಾಡಿದರು.