ರಾಕ್ಷಸನಿಗೊಂದು ಬೈಗುಳದ ಗುಂಡಿ

ನಮ್ಮ ದೊಡ್ಡಮ್ಮ ಮಾಡಿದಷ್ಟು ಕೊಲೆಗಳನ್ನು ಇಡೀ ನಂಜನಗೂಡು ತಾಲ್ಲೂಕಿನಲ್ಲಿ ಇನ್ಯಾರೂ ಮಾಡಿಲ್ಲ. ಹೆದರಬೇಡಿ! ಸತ್ತವರೆಲ್ಲ ರಾಕ್ಷಸರು, ಅದೂ ಮೊಬೈಲಿನೊಳಗಿನವರು. ಆದರೂ ಬದನವಾಳಿನಲ್ಲಿ ಆಯುಷ್ಯವೆಲ್ಲ ಖಾದಿ ನೂಲು ತೆಗೆದ ಹೆಂಗಸು, ಅಹಿಂಸೆಯ ನೂಲು ಹಿಡಿದ ಅದೇ ಬೆರಳಿನಲ್ಲಿ, ಬೆಳಗಿನ ಕಾಫಿ ಆರುವುದರೊಳಗೆ ಇಬ್ಬರು ಮೂವರನ್ನು ಮಲಗಿಸಿಬಿಟ್ಟರೆ ನೋಡಿದವರು ಏನಂದುಕೊಳ್ಳಬೇಕು? ಅವರಿಗೇನೂ ನಾಚಿಕೆಯಿಲ್ಲ. ನಾಚಿಕೆಯೆಲ್ಲ ನನಗೆ. ಆ ರಾಕ್ಷಸರನ್ನು ಸಾಕಿ ಕಳಿಸುವವಳು ನಾನೇ ತಾನೆ!

ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಜನ ಬಿಡುವಿನಲ್ಲಿ ಆಡಿಕೊಳ್ಳುವ ಆನ್‌ಲೈನ್ ಆಟವೊಂದನ್ನು ನಾವು ನಡೆಸುತ್ತೇವೆ. ಆಡುವವರು ಒಂದು ವೇಷ ತೊಟ್ಟು ಕಾಡು ಸುತ್ತಬೇಕು, ಗೆಡ್ಡೆಗೆಣಸು ಅಗೆಯಬೇಕು, ಎದುರಾದ ರಾಕ್ಷಸನೊಡನೆ ಕಾದಾಡಬೇಕು. ಬೇರೆ ಊರಿನ ನೆಂಟರು ತಮ್ಮ ಫೋನಿನಿಂದಲೇ ಜೊತೆಗೂಡಬಹುದು. ಆ ಕಾದಾಟ ಹೇಗಿದ್ದರೆ ಚೆನ್ನ ಎಂದು ಯೋಚಿಸುವುದು ನನ್ನ ಪಾಲಿನ ಉದ್ಯೋಗ. ದೊಡ್ಡಮ್ಮ ಇದನ್ನು ಬೀದಿಗೆಲ್ಲ ಹೇಗೆ ವಿವರಿಸಿದ್ದರು ಗೊತ್ತೆ? “ನಮ್ಮುಡ್ಗಿ ರಾಕ್ಷಸರ್ನ ನೋಡ್ಕೊಳೋ ಕೆಲ್ಸದಲ್ಲವ್ಳೆ!” ಮಾರನೆಯ ವಾರ ನಾನು ಅವರ ಮನೆಗೆ ಹೋದಾಗ, ಪಕ್ಕದ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ತಾಯತ ಕಟ್ಟಿಸಲು ಕಾದಿದ್ದರು.

ಅವರ ಕೈಗೆ ಆಟ ಕೊಟ್ಟ ತಪ್ಪೂ ನನ್ನದೇ. ಕಾದಾಟ ಸಪ್ಪೆ ಎಂದು ಜನ ಅರ್ಧಕ್ಕೇ ಬಿಟ್ಟುಹೋಗುತ್ತಿದ್ದರು. ಗುಂಡಿ ಒತ್ತುವುದು, ರಾಕ್ಷಸ ಬೀಳುವುದು, ಮತ್ತೆ ಒತ್ತುವುದು. ಏನೂ ಅರಿಯದವರೊಬ್ಬರು ಆಡಿ ನೋಡಲಿ ಎಂದು ದೊಡ್ಡಮ್ಮನಿಗೆ ಕೊಟ್ಟೆ. ಸ್ವಲ್ಪ ಹೊತ್ತು ಒತ್ತಿದರು. ಕನ್ನಡಕ ತೆಗೆದರು.

“ಇದೇನಮ್ಮಿ ಜಗ್ಳ? ಬೆಂಡೆಕಾಯಿ ಕುಯ್ಯೋದು ಇದ್ಕಿಂತ ವಾಸಿ.”

“ಮತ್ತೆ ಜಗಳ ಎಂದರೆ ಹೇಗಿರಬೇಕು ದೊಡ್ಡಮ್ಮ?”

“ಮೊದ್ಲು ದುರುಗುಟ್ಕೊಂಡ್ ನೋಡ್ಬೇಕು. ಆಮೇಕೆ ಸೆರಗು ಸಿಗ್ಸ್ಕೋಬೇಕು. ಆಮೇಕೆ ಬೈಬೇಕು. ಬೈದು ಬೈದು ಅವ್ನ ಜಂಘಾಬಲ ಉಡುಗೋದ್ಮೇಲೆ ಒಂದೇಟು ಬಿಟ್ರೆ ಸಾಕು. ಬಾಯೇ ಬುಡ್ದೆ ಒಡೆಯೋದು ಜಗ್ಳ ಅಲ್ಲ ಕಣಮ್ಮಿ, ಬಟ್ಟೆ ಒಗೆಯೋದು!”

ನಗುತ್ತಲೇ ಇದನ್ನು ಕಚೇರಿಯಲ್ಲಿ ಹೇಳಿದೆ. ನಮ್ಮ ಮ್ಯಾನೇಜರ್ ನಗಲಿಲ್ಲ. “ಅವರನ್ನೇ ವಿಡಿಯೋ ಕಾಲಿಗೆ ಕರೆಯಿರಿ” ಎಂದರು. ಕರೆದೆ. ಬೇಡವಾಗಿತ್ತು! ಬೈಗುಳದಿಂದ ಶತ್ರುವಿನ ಬಲ ಹೇಗೆ ಕುಗ್ಗುತ್ತದೆ ಎಂದು ಮ್ಯಾನೇಜರ್ ವಿನಯದಿಂದ ಕೇಳಿದರು. “ಬುಡ್ಸಿ ಏಳ್ಬೇಕಾ? ತಡಿ ಮಗ” ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿ, ಅವರ ತಲೆಯ ಬೋಳಿನಿಂದ ಆರಂಭಿಸಿ ಅವರು ಹುಟ್ಟಿದ ಗಳಿಗೆಯವರೆಗೆ ಒಂದನ್ನೂ ಬಿಡದೆ ಪ್ರಾತ್ಯಕ್ಷಿಕೆ ಕೊಟ್ಟರು. ನಾನು ಮೇಜಿನ ಕೆಳಗೆ ಬೀಳದ ಪೆನ್ನನ್ನು ಹುಡುಕುತ್ತ ಕುಳಿತೆ. ಕೊನೆಗೆ ಮ್ಯಾನೇಜರ್ ಹಣೆಯ ಬೆವರು ಒರೆಸಿಕೊಂಡು, “ಕುಗ್ಗಿತು” ಎಂದರು.

ಹಾಗೆ ಬಂತು ಬೈಗುಳದ ಗುಂಡಿ. ಅದನ್ನು ಒತ್ತಿ ಹಿಡಿದು ನೀವು ಫೋನಿಗೆ ಕಿರುಚಿದಷ್ಟೂ ರಾಕ್ಷಸ ಕುಗ್ಗುತ್ತಾನೆ. ಜನ ಮುಗಿಬಿದ್ದರು. ಎಲ್ಲರೂ ನನ್ನನ್ನು ಹೊಗಳಿದರು. ಐಡಿಯಾ ಯಾರದೆಂದು ಬಾಯಿ ಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ನನ್ನದೂ ಒಂದಿರಲಿ ಎಂದು ಕಾದಾಟಕ್ಕೊಂದು ಗಡಿಯಾರ ಸೇರಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಏಟು ಹಾಕದವರನ್ನು ಆಟವೇ ಹೊರಗೆ ತಳ್ಳುತ್ತದೆ. ಚುರುಕು ಬೇಡವೆ?

ಗಡಿಯಾರ ಬಂದ ವಾರವೇ ದೊಡ್ಡಮ್ಮನ ಫೋನು. “ಭಾನ್ವಾರ ನನ್ ಜೊತೆ ನರಸೀಪುರಕ್ ಬಾ. ಒಸಿ ಕೆಲ್ಸ ಐತೆ.” ಏನು ಕೆಲಸ ಎಂದರೆ ಹೇಳಲಿಲ್ಲ.

ನಂಜನಗೂಡಿನಲ್ಲಿ ಬಸ್ಸು ಹತ್ತಿದೆವು. ಊರು ದಾಟುವಷ್ಟರಲ್ಲಿ ಫೋನು ತೆಗೆದರು. ನಾನು ಕಿಟಕಿಯಾಚೆಯ ಭತ್ತದ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಲೇ ಮೀಸೆ! ಇಂದಕ್ ತಿರುಗ್ಲಾ! ಇವತ್ತು ನಿನ್ ಕರುಳು ಬಗೀದಿದ್ರೆ ಕೇಳು!”

ಮುಂದಿನ ಸೀಟಿನಲ್ಲಿದ್ದ ದಪ್ಪ ಮೀಸೆಯವರು ಮೆಲ್ಲನೆ ಹಿಂದೆ ತಿರುಗಿದರು. ಅವರ ಹೆಂಡತಿ ಮಗುವನ್ನು ಮಡಿಲಿಗೆಳೆದುಕೊಂಡರು. ಕಂಡಕ್ಟರ್ ಓಡಿಬಂದರು.

“ಏನವ್ವಾ ಇದು? ಟೇಸನ್ ಮುಂದೆ ನಿಲ್ಲಿಸ್ಬೇಕಾ ಬಸ್ಸು?”

ಆಕೆ ಯಾರೋ, ನಾನು ಯಾರೋ ಎಂಬಂತೆ ಕುಳಿತಿದ್ದ ನನ್ನ ಬೆನ್ನ ಮೇಲೆ ದೊಡ್ಡಮ್ಮ ಹೆಮ್ಮೆಯಿಂದ ಕೈಯಿಟ್ಟರು. “ನನ್ನೇನ್ ಕೇಳೀಯೆ ಮಗ? ಇವ್ಳು ನನ್ ತಂಗಿ ಮಗ್ಳು. ಕಲ್ಸಿದ್ದು ಇವ್ಳೇ. ಇದ್ಕೇ ಸಂಬ್ಳ ಕೊಡ್ತರೆ ಇವ್ಳಿಗೆ!”

ಇಡೀ ಬಸ್ಸು ನನ್ನನ್ನು ನೋಡಿತು. ಇಳಿಯುವವರೆಗೂ ನೋಡುತ್ತಲೇ ಇತ್ತು.

ನಾವು ಹೋದದ್ದು ದೊಡ್ಡಮ್ಮನ ನಾದಿನಿಯ ಮನೆಗೆ, ಸಂಗಮದ ಕಡೆಗೆ ಇಳಿಯುವ ಬೀದಿಗೆ. ಇವರಿಬ್ಬರ ಜಗಳ ನಮ್ಮ ನೆಂಟರಲ್ಲೆಲ್ಲ ಹೆಸರುವಾಸಿ. ಮದುವೆಮನೆಗಳಲ್ಲಿ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಶುರುವಾದರೆ ಓಲಗದವರೂ ಊದುವುದು ನಿಲ್ಲಿಸಿ ಕೇಳುತ್ತಿದ್ದರು. ಹೋದ ವರ್ಷ ಆಕೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ವಿಷಯ ಗೊತ್ತಿತ್ತು. ಮೈಸೂರಿನಿಂದ ಇಷ್ಟು ಹತ್ತಿರವಿದ್ದೂ ನಾನು ಒಮ್ಮೆಯೂ ನೋಡಲು ಬಂದಿರಲಿಲ್ಲ.

ಆಕೆ ಜಗುಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಮಡಿಲಲ್ಲಿ ಫೋನು. ಪರದೆಯ ಮೇಲೆ ನನ್ನ ರಾಕ್ಷಸ.

“ದಿನಾ ಮದ್ಯಾನ ಇಬ್ರೂ ಆಡ್ತೀವಿ” ಎಂದರು ದೊಡ್ಡಮ್ಮ, ಪಕ್ಕದಲ್ಲಿ ಕುಳಿತು ತಮ್ಮ ಫೋನನ್ನೂ ತೆರೆಯುತ್ತ. “ನಾನು ಗುರಾಣಿ ಇಡ್ಕೊಂಡ್ ಅಡ್ಡ ನಿಂತ್ಕತೀನಿ, ಇವ್ಳು ಒಡೀತಳೆ. ಡಾಕ್ಟ್ರು ಬೆರ್ಳು ಆಡುಸ್ಬೇಕು ಅಂದವ್ರೆ. ನೋಡು ಈಗ.”

ಬಿದ್ದುಹೋಗಿದ್ದ ಆ ಬಲಗೈಯ ಹೆಬ್ಬೆರಳು ಮೇಲೆದ್ದಿತು. ನಡುಗಿತು. ಗುಂಡಿಯ ಕಡೆಗೆ ಬಹಳ ನಿಧಾನವಾಗಿ ಹೊರಟಿತು. ಇನ್ನೇನು ಮುಟ್ಟಬೇಕು, ನನ್ನ ಗಡಿಯಾರ ಟಿಂಗ್ ಎಂದು ಆಕೆಯನ್ನು ಹೊರಗೆ ತಳ್ಳಿತು. ಅವರು ಮತ್ತೆ ಒಳಗೆ ಬಂದರು. ಬೆರಳು ಮತ್ತೆ ಹೊರಟಿತು. ಟಿಂಗ್. ಆ ಜಗುಲಿಯ ಮೇಲೆ ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ.

ಗಡಿಯಾರ ಕಿತ್ತುಹಾಕಿಸಲು ನಾನು ಸೋಮವಾರ ಮ್ಯಾನೇಜರ್ ಬಳಿ ಗೋಗರೆದದ್ದು, ಅವರು ಒಪ್ಪಿದ್ದು ಬೇರೆ ಮಾತು. ಆ ಮಧ್ಯಾಹ್ನ ದೊಡ್ಡಮ್ಮ ನನ್ನ ಪರ ಒಂದು ಮಾತೂ ಆಡಲಿಲ್ಲ. ನಾದಿನಿಯ ಭುಜ ಅಲುಗಿಸಿ ನನ್ನ ಕಡೆ ಕೈ ತೋರಿಸಿದರು.

“ಇವ್ಳೇ ಕಣೆ ಆ ಗಡಿಯಾರ ಮಡಗಿದ್ದು! ದಿನಾ ನಿನ್ನ ಆಚ್ಗೆ ನೂಕೋಳು ಇವ್ಳೇ!”

ಆಕೆ ತಲೆಯೆತ್ತಿ ನನ್ನನ್ನು ದುರುಗುಟ್ಟಿದರು. ತುಟಿ ಒಂದು ಕಡೆಗೆ ಎಳೆಯಿತು. ಕುತ್ತಿಗೆಯ ನರ ಉಬ್ಬಿತು. ಗಂಟಲಿನಿಂದ ಏನೋ ಉರುಳಿ ಉರುಳಿ ಬಂದು, ತೊದಲದೆ, ಸ್ಪಷ್ಟವಾಗಿ ಹೊರಬಿತ್ತು.

“ಮೂದೇವಿ!”

ಒಳಗೆ ಅಡುಗೆ ಮಾಡುತ್ತಿದ್ದ ಸೊಸೆ ಸೌಟು ಹಿಡಿದೇ ಓಡಿಬಂದಳು. “ಅತ್ತೆ ಮಾತಾಡುದ್ರಾ?”

ದೊಡ್ಡಮ್ಮನ ಫೋನು ನೆಲಕ್ಕೆ ಬಿದ್ದಿತ್ತು. ಎರಡೂ ಕೈಯಲ್ಲಿ ನಾದಿನಿಯ ಮುಖ ಹಿಡಿದುಕೊಂಡಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಇನ್ನೊಂದ್ಸಲ ಬೈಯೆ, ನನ್ನವ್ವ! ನನ್ ಜೊತೆ ಜಗ್ಳ ಆಡೋಕೆ ಈ ಭೂಮಿ ಮ್ಯಾಲೆ ನಿನ್ ಬುಟ್ರೆ ಯಾರವ್ರೆ? ನನ್ನೇ ಬೈಯಿ! ಬರ್ನಿಲ್ವಾ? ಓಗ್ಲಿ, ಇವ್ಳನ್ನೇ ಬೈಯಿ. ಇವ್ಳೇನೂ ಅನ್ಕೊಳಾಕಿಲ್ಲ!”

ನಾನು ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತೆ. ಬೈಯಲು ಅನುಕೂಲವಾಗಲೆಂದು ಮುಖವನ್ನು ಇನ್ನಷ್ಟು ಹತ್ತಿರಕ್ಕೆ ಒಯ್ದೆ.