ಓದು ಬರುತ್ತೆ, ಓದು ಬರಲ್ಲ

ಮಕ್ಕಳಿಗೆ ಓದು ಬರುತ್ತಾ ಅಂತ ನೋಡೋಕೆ ಊರೂರು ತಿರುಗಿದವನು ನಾನು. ಆದರೆ ಮಕ್ಕಳ ಓದು ನೋಡಿದ್ದಕ್ಕಿಂತ ದೊಡ್ಡವರ ಆಟ ನೋಡಿದ್ದೇ ಜಾಸ್ತಿ. ವಾರಕ್ಕೊಂದಾದರೂ ಇಂಥದ್ದು ನಡೆಯದೆ ಇರುತ್ತಿರಲಿಲ್ಲ.

ತೊಂಬತ್ತರ ದಶಕ. ತಮಿಳುನಾಡಿನ ಮಾರಂಡಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಮೊದಲು ಬಿ.ಎ. ಮಾಡಿದವನು ನಾನೇ. ಎರಡನೆಯವನು ಬರೋಕೆ ಆರು ವರ್ಷ ಹಿಡಿಯಿತು, ಅವನೂ ನನ್ನ ನೋಟ್ಸ್ ಓದಿಯೇ ಪಾಸಾದದ್ದು. ಧರ್ಮಪುರಿ, ಸೇಲಂ ಜಿಲ್ಲೆಯ ಹಳ್ಳಿಗಳಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ತಮಿಳು ಓದು ಎಷ್ಟು ಬಂದಿದೆ ಅಂತ ಮನೆಮನೆಗೆ ಹೋಗಿ ನೋಡುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತು. ಕೈಯಲ್ಲಿ ಒಂದು ಕಾರ್ಡು: ಮೇಲೆ ಅಕ್ಷರ, ನಡುವೆ ಪದ, ಕೆಳಗೆ ಒಂದು ಆಡಿನ ಕತೆ, ನಾಲ್ಕೇ ಸಾಲು. ಜತೆಗೆ ಒಂದು ಪಟ್ಟಿ. ಅದರಲ್ಲಿ ಎರಡು ಕಲಂ: ‘ಓದು ಬರುತ್ತೆ’, ‘ಓದು ಬರಲ್ಲ’. ಕಿವಿ ಮೇಲೆ ಒಂದು ಪೆನ್ಸಿಲ್.

“ಭಯ ಬೀಳಬೇಡಿ, ಇದರಲ್ಲಿ ಪಾಸು ಫೇಲು ಏನಿಲ್ಲ, ಮೇಷ್ಟ್ರು ಮುಂದೆ ಏನು ಹೇಳಿಕೊಡಬೇಕು ಅಂತ ತಿಳಿಯೋಕೆ ಅಷ್ಟೇ” ಅನ್ನಬೇಕು ಅಂತ ಆಫೀಸಿನಲ್ಲಿ ಕಲಿಸಿದ್ದರು. ಪ್ರತಿ ಮನೆಯಲ್ಲೂ ಅಂದೆ. ಒಬ್ಬರೂ ನಂಬಲಿಲ್ಲ. ‘ಬರಲ್ಲ’ ಅಂತ ಗುರುತು ಬಿದ್ದರೆ, “ಆಫೀಸ್‌ನೋರೇ ಬರಲ್ಲ ಅಂದ ಮೇಲೆ ಸ್ಕೂಲ್ ಯಾಕೆ?” ಅಂತ ಮಗುವನ್ನೇ ಬಿಡಿಸಿಬಿಡುವ ಅಪ್ಪಂದಿರಿದ್ದರು. ಅದಕ್ಕೇ ನಾನು ಕಿವಿ ಮೇಲಿನ ಪೆನ್ಸಿಲ್‌ಗೆ ಕೈ ಹಾಕಿದರೆ ಮನೆಯವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗದು ಬಹಳ ಹಿಡಿಸುತ್ತಿತ್ತು.

ಕೇಸರಿಬಾತು, ಬಜ್ಜಿ

ನಲ್ಲಂಪಳ್ಳಿ ಹತ್ತಿರದ ಒಂದು ಮನೆ. ನಾನು ಬರೋದು ಮೊದಲೇ ಗೊತ್ತಾಗಿ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. “ವಾಂಗ ಸಾರ್, ವಾಂಗ” ಅಂತ ಒಳಗೆ ಕರೆದು ಚಾಪೆ ಹಾಸಿ, ಕೇಸರಿಬಾತು, ಬಾಳೆಕಾಯಿ ಬಜ್ಜಿ, ಮೇಲೊಂದು ಲೋಟ ಕಾಫಿ ತಂದಿಟ್ಟರು. ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ ಎಲ್ಲ ಗೋಡೆಗೊರಗಿ ಸಾಲಾಗಿ ಕೂತಿದ್ದರು. ಒಳಗಿನಿಂದ ಹುಡುಗಿ ಬಂತು, ಒಂದನೇ ಕ್ಲಾಸು. ತಲೆಗೆ ಕನಕಾಂಬರ, ಮೈಗೆ ರೇಷ್ಮೆ ಲಂಗ. ಬಂದದ್ದೇ ನನ್ನ ಕಾಲಿಗೆ ಬಿತ್ತು.

ಕಾರ್ಡು ಕೊಟ್ಟೆ. ಅಕ್ಷರ ಓದಿತು. ಪದ ಅರ್ಧ ಓದಿತು. ಕತೆಯ ಹತ್ತಿರ ನಿಂತುಬಿಟ್ಟು ತಲೆ ತಗ್ಗಿಸಿತು.

ಅವರಮ್ಮ ಇನ್ನೆರಡು ಬಜ್ಜಿ ಬಡಿಸಿ, “ನಾಚಿಕೆ ಸಾರ್, ಜಾಸ್ತಿ ನಾಚಿಕೆ ಇವಳಿಗೆ. ನೀವು ಹೋದ್ಮೇಲೆ ಚೆನ್ನಾಗಿ ಓದ್ತಾಳೆ” ಅಂದರು.

ನನಗೂ ಪಾಪ ಅನ್ನಿಸಿತು. ಪಟ್ಟಿ ಮಡಚಿಟ್ಟು, “ನೋಡೋಣಮ್ಮಾ, ಆಫೀಸಿಗೆ ಹೋಗಿ ಯೋಚನೆ ಮಾಡಿ ಬರೀತೀನಿ” ಅಂದೆ.

ಸೋದರತ್ತೆ ಎದ್ದು ಬಾಗಿಲಿಗೆ ಅಡ್ಡ ನಿಂತಳು. “ಬೇಡ ಸಾರ್! ನನ್ನ ನೋಡೋಕೆ ಬಂದೋರೂ ಹಿಂಗೇ ಬಜ್ಜಿ ತಿಂದು, ಊರಿಗೋಗಿ ಕಾಗದ ಬರೀತೀವಿ ಅಂತ ಹೇಳಿ ಹೋದ್ರು. ಒಪ್ಗೆ ಅಂದ್ರೆ ಇಲ್ಲೇ ಹೇಳ್ಬುಡಿ!”

ಮಗ್ಗಕ್ಕೆ ನೂರಕ್ಕೆ ನೂರು

ಎಡಪ್ಪಾಡಿಯಲ್ಲಿ ಒಂದು ನೇಕಾರರ ಮನೆ. ಕನ್ನಡದವರೇ. ಅಪ್ಪ ಗುಂಡಿ ಮಗ್ಗದಲ್ಲಿ ಕೂತು ನೇಯ್ತಾ ಇದ್ದ. “ನಾನಂತೂ ಈ ಗುಂಡೀಲೇ ಸವೆದೆ ಸಾರ್. ಇವನು ಒಬ್ಬ ಓದಿ ಮೇಲೆ ಬಂದ್ರೆ ಸಾಕು” ಅಂದ. ಹುಡುಗನಿಗೆ ಎರಡನೇ ಕ್ಲಾಸು.

ನಾನು ಯಾರು? ಇಂಥ ಮನೆ ನೂರು ನೋಡಿದವನು. ಅಪ್ಪ ಸನ್ನೆ ಮಾಡಬಾರದು ಅಂತ ಹುಡುಗನನ್ನ ಮಗ್ಗಕ್ಕೆ ಬೆನ್ನು ಮಾಡಿ ಕೂರಿಸಿದೆ. ಅಮ್ಮನನ್ನ ಹಿತ್ತಲಿಗೆ ಕಳಿಸಿದೆ. ಎದುರಿಗೆ ಕೂತು ಕಾರ್ಡು ಹಿಡಿದು ಮೊದಲ ಅಕ್ಷರ ತೋರಿಸಿದೆ.

ಹುಡುಗ “ಕ” ಅಂದ. ತಪ್ಪು. ಮಗ್ಗ ನಿಂತಿತು.

ಹುಡುಗ ಕಿವಿ ನೆಟ್ಟಗೆ ಮಾಡಿಕೊಂಡು “ಚ” ಅಂದ. ಮಗ್ಗ ಸುಮ್ಮನೆ. “ತ” ಅಂದ. ಸುಮ್ಮನೆ. “ಪ” ಅಂದ. ಲಟಕ್ ಪಟಕ್, ಲಟಕ್ ಪಟಕ್ ಅಂತ ಮಗ್ಗ ಕುಣಿಯಿತು. ಹುಡುಗ “ಪ ಸಾರ್, ಪ ತಾನೇ!” ಅಂತ ಎದೆಯುಬ್ಬಿಸಿದ.

ಏಳನೇ ಅಕ್ಷರಕ್ಕೆ ನನಗೆ ಹೊಳೆಯಿತು. ಬೇರೆಯವರಾಗಿದ್ದರೆ ಕೊನೆವರೆಗೂ ಹೊಳೆಯುತ್ತಿರಲಿಲ್ಲ. ನನ್ನ ಕಾರ್ಡಿನ ಮುಖ ಹುಡುಗನ ಕಡೆಗಿದ್ದರೆ ಅವನ ಹಿಂದಿದ್ದ ಅಪ್ಪನ ಕಡೆಗೂ ಇರಬೇಕಲ್ಲ! “ಅಣ್ಣಾ, ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿ” ಅಂದೆ.

ಅಪ್ಪ ನಿಲ್ಲಿಸಿದ. ಹುಡುಗ ಎಂಟನೇ ಅಕ್ಷರ ನೋಡಿ, ನನ್ನ ನೋಡಿ, ಕೊನೆಗೆ ಕತ್ತು ಹಿಂದಕ್ಕೆ ತಿರುಗಿಸಿ ಗದರಿದ: “ಅಪ್ಪಾ, ಕೆಲಸ ಮಾಡಪ್ಪಾ! ಸುಮ್ನೆ ಕೂತ್ರೆ ನಂಗೆ ಎಂಗೆ ಓದಕ್ಕೆ ಬತ್ತದೆ?”

ನನಗಿಂತ ಮುಂಚೆ ಬಂದ ಆಡು

ಮತ್ತೆ ನಲ್ಲಂಪಳ್ಳಿ ಕಡೆ. ಒಂದು ಊರಲ್ಲಿ ಮೊದಲ ಮನೆಯ ಹುಡುಗ ಕತೆಯನ್ನ ಗಿಳಿ ಹಾಗೆ ಒಪ್ಪಿಸಿದ: ಆಡು ಹೊಲಕ್ಕೆ ಹೋಯಿತು, ಸೊಪ್ಪು ತಿಂದಿತು, ಪಾಟಿ, ಅಂದರೆ ಅಜ್ಜಿ, ಕೋಲು ತಂದಳು, ಆಡು ಮನೆಗೆ ಓಡಿತು. ಎರಡನೇ ಮನೆಯಲ್ಲೂ ಹಾಗೇ. ಮೂರನೇ ಮನೆಯ ಹುಡುಗಿ ಕಣ್ಣು ಮುಚ್ಚಿಕೊಂಡೇ ಓದಿದಳು. ಆಮೇಲೆ ತಿಳಿಯಿತು: ಹಿಂದಿನ ವಾರ ನಾನು ಹೋಗಿದ್ದ ಊರಿನಿಂದ ಇಲ್ಲಿಗೆ ಹೆಣ್ಣು ಕೊಟ್ಟಿದ್ದಾರೆ. ತವರಿಗೆ ಹೋಗಿ ಬಂದವಳು ಬೇರೇನೂ ತರದೆ ನನ್ನ ಆಡನ್ನ ತಂದಿದ್ದಳು. ಊರಿಗೆ ಊರೇ ಬಾಯಿಪಾಠ ಮಾಡಿತ್ತು.

ಆಗ ನಾನೊಂದು ಉಪಾಯ ಕಂಡುಹಿಡಿದೆ. ಆಫೀಸಿನಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಮಗು ಒಪ್ಪಿಸುತ್ತಾ ಇರುವಾಗ ನಡುವಿನ ಯಾವುದೋ ಒಂದು ಸಾಲಿನ ಮೇಲೆ ಟಪ್ ಅಂತ ಬೆರಳಿಟ್ಟು, “ಇಲ್ಲಿಂದ ಓದು” ಅನ್ನೋದು. ನಿಜವಾಗಿ ಓದೋ ಮಗು ಅಲ್ಲಿಂದ ಓದುತ್ತೆ. ಬಾಯಿಪಾಠದ ಮಗು ಬೆಪ್ಪಾಗುತ್ತೆ.

ನಾಲ್ಕನೇ ಮನೆಯಲ್ಲಿ ಹುಡುಗ ಕೊನೇ ಸಾಲು ಮುಗಿಸುತ್ತಿದ್ದಂತೆ ಎರಡನೇ ಸಾಲಿನ ಮೇಲೆ ಬೆರಳಿಟ್ಟೆ. ಹುಡುಗ ಬೆಪ್ಪಾದ. ನಾನು ಮೀಸೆಯಡಿ ನಗುತ್ತಾ ಪೆನ್ಸಿಲ್ ತೆಗೆದೆ.

ಅಪ್ಪನಿಗೆ ರೇಗಿತು. “ಏನ್ ಸಾರ್ ಅನ್ಯಾಯ? ಆಡು ಒಟ್ಟೆ ತುಂಬ ತಿಂದು, ಏಟಿಂದ ತಪ್ಪುಸ್ಕೊಂಡು, ಕಷ್ಟಪಟ್ಟು ಮನೆ ಸೇರೈತೆ. ಅದನ್ನ ಮತ್ತೆ ಒಲಕ್ಕೆ ಯಾಕೆ ಓಡುಸ್ತೀರಾ?”

ಅಜ್ಜಿಯ ಪತ್ರಿಕೆ

ಇದು ನಮ್ಮ ಮಾರಂಡಹಳ್ಳಿ ಪಕ್ಕದ ಹಳ್ಳಿಯಲ್ಲೇ ಆದದ್ದು. ಟೊಮೇಟೊ ಬೆಳೆಯುವ ಮನೆ. ಅಪ್ಪ, ಎರಡನೇ ಕ್ಲಾಸಿನ ಮಗಳು, ಬಾಗಿಲಲ್ಲಿ ರಾಗಿ ಕೇರುತ್ತಾ ಕೂತ ಅಜ್ಜಿ. ಅಪ್ಪ ಮೊದಲೇ ಹೇಳಿಬಿಟ್ಟ: “ನೋಡಿ ಸಾರ್, ಓದು ಬತ್ತದೆ ಅಂದ್ರೆ ಸ್ಕೂಲ್‌ಗೆ ಓಗ್ಲಿ. ಬರಲ್ಲ ಅಂದ್ರೆ ನಾಳೆಯಿಂದ ಟೊಮೇಟೊ ಬಿಡಿಸೋಕೆ ಬರ್ಲಿ. ನಿಮ್ಮ ಕೈಲಿ ಐತೆ.”

ಹುಡುಗಿ ಸ್ಕೂಲ್ ಚೀಲವನ್ನ ಎದೆಗೆ ಅವುಚಿಕೊಂಡೇ ಕಾರ್ಡು ನೋಡಿತು. ತಮಿಳಿನಲ್ಲಿ ಅಚ್ಚಾಗಿದ್ದ ‘ಆಡು ವಯಲುಕ್ಕು ಪೋನದು’ ಅನ್ನೋ ಸಾಲಿನ ಮೇಲೆ ಕಣ್ಣಾಡಿಸಿ, ತುಟಿ ಅಲ್ಲಾಡಿಸಿ, “ಮೇಕೆ ಒಲಕ್ಕೆ ಓಯ್ತು” ಅಂದಿತು. ಬೆರಳಿಟ್ಟು ಮೂರನೇ ಸಾಲು ಕೇಳಿದೆ. “ಅಜ್ಜಿ ದೊಣ್ಣೆ ತಂದ್ಳು” ಅಂದಿತು. ಎಲ್ಲಿ ಬೆರಳಿಟ್ಟರೂ ಸರಿಯಾಗಿಯೇ ಹೇಳಿತು, ಆದರೆ ಎಲ್ಲ ಮನೆಮಾತಿನಲ್ಲಿ. ಅಚ್ಚಾದದ್ದನ್ನ ಅಚ್ಚಾದ ಹಾಗೇ ಓದಬೇಕು ಅಂತ ರೂಲ್ಸು. ನಾನು ರೂಲ್ಸಿನ ಮನುಷ್ಯ. ‘ಓದು ಬರಲ್ಲ’ ಕಲಮಿನಲ್ಲಿ ಗುರುತು ಹಾಕಿದೆ.

ಅಪ್ಪ ಮಗಳ ಎದೆಯ ಮೇಲಿನ ಚೀಲ ತೆಗೆದು ಗೂಟಕ್ಕೆ ನೇತುಹಾಕಿದ.

ಅಜ್ಜಿ ಮೊರ ಕೆಳಗಿಟ್ಟಳು. “ಯಾರ ಮಗನಪ್ಪಾ ನೀನು?”

ಹೇಳಿದೆ. ನಮ್ಮೂರಿಗೆಲ್ಲ ಮೊದಲು ಬಿ.ಎ. ಮಾಡಿದವನು ಅಂತಲೂ ಹೇಳಿದೆ.

“ಓ, ನಮ್ಮೋರೇ! ಕನ್ನಡದೋರು. ಅಂಗಾರೆ ಇದೊಂಚೂರು ಓದಪ್ಪಾ” ಅಂತ ಸೂರಿನ ಸಂದಿಯಿಂದ ಒಂದು ಲಗ್ನಪತ್ರಿಕೆ ತೆಗೆದು ಕೊಟ್ಟಳು. ಕೊಳ್ಳೇಗಾಲದ ಕಡೆ ಇರುವ ಅವಳ ತಮ್ಮನ ಮನೆಯದು. ಪೂರ್ತಿ ಕನ್ನಡದಲ್ಲಿ ಅಚ್ಚಾಗಿತ್ತು.

ನಾನು ಹುಟ್ಟಿದ್ದು ಕನ್ನಡದಲ್ಲಿ, ಬೈಯೋದು ಕನ್ನಡದಲ್ಲಿ. ಆದರೆ ಓದಿದ್ದೆಲ್ಲ ತಮಿಳು. ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. (ಈಗ ಬರುತ್ತೆ. ಎರಡೇ ತಿಂಗಳಲ್ಲಿ ಕಲಿತೆ, ಇದನ್ನೆಲ್ಲ ನಾನೇ ಬರೆದದ್ದು.) ಓದೋಕೆ ಬರಲ್ಲ ಅಂತ ಒಪ್ಪಿಕೊಳ್ಳೋದಾ, ಬಿ.ಎ. ಮಾಡಿದವನು? ಮೇಲೆ ಗಣೇಶ ಕಾಣಿಸಿದ. ಲಗ್ನಪತ್ರಿಕೆ ಅಂದರೆ ಎಲ್ಲ ಕಡೆ ಒಂದೇ ತಾನೆ? ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: “ಶ್ರೀ ಗಣೇಶನ ಕೃಪೆಯಿಂದ... ಬರುವ ಶುಕ್ರವಾರ... ಗುರುಹಿರಿಯರೆಲ್ಲ...”

ಅಜ್ಜಿ ಪತ್ರಿಕೆಯ ಕೆಳತುದಿಗೆ ಟಪ್ ಅಂತ ಬೆರಳಿಟ್ಟಳು. “ಇಲ್ಲಿಂದ ಓದು.”

“ತಾವೆಲ್ಲರೂ ಬಂದು... ವಧೂವರರನ್ನ ಆಶೀರ್ವದಿಸಬೇಕು” ಅಂದೆ.

“ಅದು ಅಚ್ಚಾಕಿದ ಪ್ರೆಸ್ಸಿನ ಎಸರು ಕಣಪ್ಪಾ. ನನ್ ತಮ್ಮ ಒಂದೊಂದು ಸಾಲೂ ಓದಿ ಏಳವ್ನೆ. ಇನ್ನು ಆ ಶುಕ್ರವಾರ ಅಂದ್ಯಲ್ಲ, ಮದುವೆ ಆಗಿ ತಿಂಗಳಾಯ್ತು. ಊಟ ಮಾಡ್ಕಂಡು ಬಂದಿವ್ನಿ.” ಆಮೇಲೆ ನನ್ನ ಬೆನ್ನು ಸವರಿ, ಥೇಟ್ ನನ್ನದೇ ದನಿಯಲ್ಲಿ, “ಭಯ ಬೀಳಬೇಡಪ್ಪಾ, ಇದ್ರಾಗೆ ಪಾಸು ಪೇಲು ಏನಿಲ್ಲ” ಅಂದಳು.

ಅಪ್ಪ ತಡೆಯಲಾರದೆ ಗೋಡೆ ಹಿಡಿದುಕೊಂಡು ನಕ್ಕ. ಅಜ್ಜಿ ಅವನತ್ತ ತಿರುಗಿದಳು. “ನಗ್ತೀಯೇನ್ಲಾ? ಒಂದು ಬರಲ್ಲ ಅಂತ ಇವನನ್ನ ಯಾರಾನಾ ಕೆಲಸ ಬಿಡಿಸವ್ರಾ? ಈ ಮಗು ತಮಿಳು ಓದಿ ಕನ್ನಡದಾಗೆ ಏಳ್ತದೆ. ಈ ಬಿ.ಎ.ಗೆ ಕನ್ನಡ ಓದಿ ಕನ್ನಡದಾಗೇ ಏಳಕ್ಕಾಗ್ಲಿಲ್ಲ!”

ನಾನು ರಬ್ಬರ್ ತೆಗೆದು ಗುರುತು ಒರೆಸಿ, ಪಕ್ಕದ ಕಲಮಿನಲ್ಲಿ ‘ಓದು ಬರುತ್ತೆ’ ಅಂತ ಹಾಕಿದೆ. ನನ್ನ ಇಡೀ ಪಟ್ಟಿಯಲ್ಲಿ ಒರೆಸಿ ಹಾಕಿದ ಗುರುತು ಅದೊಂದೇ. ಅಪ್ಪ ಚೀಲ ಇಳಿಸಿ ಮಗಳ ಕೈಗೆ ಕೊಟ್ಟು, “ಓಗು, ಇನ್ನೂ ಸ್ಕೂಲ್ ಗಂಟೆ ಒಡೆದಿರಾಕಿಲ್ಲ” ಅಂದ.

ಹುಡುಗಿ ಹೋಗಲಿಲ್ಲ. ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಲಗ್ನಪತ್ರಿಕೆ ತಿರುಗಿಸಿ ಹಿಡಿದು, ಬಹಳ ಗಂಭೀರವಾಗಿ ಕೇಳಿತು: “ಅಜ್ಜೀ, ಈ ಅಣ್ಣಂಗೆ ‘ಬರಲ್ಲ’ ಅಂತ ಆಕ್ಲಾ?”

ಅಜ್ಜಿ ಮೊರ ಎತ್ತಿಕೊಂಡಳು. “ಬ್ಯಾಡ ಬುಡವ್ವಾ. ಇನ್ನೂ ಎಳೇದು. ಇವರಪ್ಪಂಗೆ ಗೊತ್ತಾದ್ರೆ ನಾಳೆಯಿಂದ ಟೊಮೇಟೊ ಬಿಡಿಸೋಕೆ ಆಕ್‌ಬುಟ್ಟಾನು.”